ಮೂಗನ ಗುಡ್ಡದ ಮೂರು ಕಲ್ಲು

ಹಾಲೇಶಪ್ಪನಿಗೆ ಬೆಟ್ಟ ಹತ್ತುವ ಹುಚ್ಚು ಹಿಡಿದದ್ದು ಒಂದು ಕ್ಯಾಲೆಂಡರಿನಿಂದ. ಕೂಡ್ಲಿಗಿ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆಗೆ ಯಾವುದೋ ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರ್ ಅದು. ಅದರ ತುಂಬ ಬೆಳ್ಳಗೆ ಹಿಮ ಹೊದ್ದ ಒಂದು ಪರ್ವತ. ಗೊಬ್ಬರಕ್ಕೂ ಹಿಮಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಹಾಲೇಶಪ್ಪನಂತೂ ಕೇಳಲೇ ಇಲ್ಲ. ಅವನು ನೋಡುತ್ತ ಕೂತುಬಿಟ್ಟ.

ನೋಡದೆ ಏನು ಮಾಡಿಯಾನು? ಇಪ್ಪತ್ತೈದು ವರ್ಷದಿಂದ ಅವನು ಮೈಕಿನ ಮುಂದೆ ಕೂತು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಕೂಗಿ ಲಕ್ಷಾಂತರ ಜನರನ್ನು ಊರೂರಿಗೆ ಕಳಿಸಿದ್ದ. ತಾನು ಹೋದ ಅತಿ ದೂರದ ಊರೆಂದರೆ ದಾವಣಗೆರೆ, ಅದೂ ಮದುವೆಯ ಜವಳಿ ತರಲಿಕ್ಕೆ. ಆ ಬಿಳಿ ಬೆಟ್ಟವನ್ನು ಸಾಯುವುದರೊಳಗೆ ಒಮ್ಮೆ ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬೇಕು ಎಂಬ ಆಸೆ ಅವನ ಎದೆಯಲ್ಲಿ ಹಲ್ಲುನೋವಿನ ಹಾಗೆ ಕೂತಿತ್ತು.

"ಏನ್ ಸಾಹೇಬ್ರ, ಚಾ ಆರಿ ನೀರಾಗೈತಿ, ನೀವಿನ್ನೂ ಅದನ್ನ ನೋಡಾಕತ್ತೀರಿ," ಎಂದ ಒಂದು ದಿನ ಕಂಡಕ್ಟರ್ ಅಂಜಿನೇಯಲು. "ಅಷ್ಟು ಆಸಿ ಇದ್ರ ಹೋಗೇ ಬರ್ರಲ್ಲ."

"ಹೋಗ್ತೀನಿ. ನೋಡ್ತಿರು," ಎಂದುಬಿಟ್ಟ ಹಾಲೇಶಪ್ಪ.

ಅಂಜಿನೇಯಲು ಕಂಡಕ್ಟರ್. ಅವನಿಗೆ ಹೇಳಿದ ಮಾತು ಐದು ತಾಲ್ಲೂಕಿಗೆ ಟಿಕೆಟ್ಟಿಲ್ಲದೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಮಿರ್ಚಿ ಕರಿಯುವವಳೂ "ಯಾವಾಗ ಹೊಂಟೀರಿ ಸಾಹೇಬ್ರ ಹಿಮಾಲಯಕ್ಕ?" ಎಂದು ಕೇಳಿದಳು. ಇನ್ನು ಹೋಗದೆ ಉಳಿದರೆ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ದಾರಿ ತೋರಿಸಿದವನು ಮುನಾವರ. ನಿಲ್ದಾಣದ ಹಿಂದೆ ಅವನ ಟ್ರ್ಯಾಕ್ಟರ್ ಗ್ಯಾರೇಜು. ಹಿಂದೊಮ್ಮೆ ಉತ್ತರದ ಕಡೆ ಹೋಗಿ ಬೆಟ್ಟ ಹತ್ತುವ ತರಬೇತಿ ಪಡೆದು ಬಂದವನು. ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ಸುತ್ತಲಿನ ಬಂಡೆಗಳಿಗೆಲ್ಲ ಹಲ್ಲಿಯ ಹಾಗೆ ಅಂಟಿಕೊಂಡಿರುತ್ತಿದ್ದ. ಬರುವ ಬೇಸಗೆಯಲ್ಲಿ ಅವನು ಹನ್ನೆರಡು ಜನರ ತಂಡ ಕಟ್ಟಿಕೊಂಡು ಹಿಮಾಲಯಕ್ಕೆ ಹೊರಡುವವನಿದ್ದ. ಹನ್ನೊಂದು ಭರ್ತಿಯಾಗಿತ್ತು. ಉಳಿದದ್ದು ಒಂದೇ ಸೀಟು.

"ಹಾಲೇಶಣ್ಣ, ಸೀಟು ಪುಗಸಟ್ಟೆ ಇಲ್ಲ," ಎಂದಿದ್ದ ಮುನಾವರ. "ಭಾನುವಾರ ಸಂಜಿ ನಾನು ಹೆಸರು ಕಳಸಬೇಕು. ಅವತ್ತು ಮುಂಜಾನಿ ಮೂಗನ ಗುಡ್ಡ ಹತ್ರಿ. ನೆತ್ತಿ ಮ್ಯಾಲೆ ಒಂದು ತಗಡಿನ ಡಬ್ಬಿ ಇಟ್ಟೀನಿ, ಅದರಾಗ ಪುಸ್ತಕ ಐತಿ. ಸಹಿ ಹಾಕಿ, ಹೊತ್ತು ಮುಣುಗೋದ್ರೊಳಗ ಒಬ್ಬರೇ ಇಳದು ಬಂದು ನನ್ನ ಕೈ ಮುಟ್ಟಬೇಕು. ಯಾರು ಹಂಗ ಮುಟ್ಟತಾರ, ಸೀಟು ಅವರದು. ನಮ್ಮಪ್ಪ ಬಂದ್ರೂ ಇದ ರೂಲು."

"ಮತ್ತ ದಾರಿ ತಪ್ಪಿದ್ರ?"

"ಹೋಗೋವಾಗ ತಿರುವಿಗೊಂದು ಗುರುತು ಮಾಡ್ಕೊಂತ ಹೋಗ್ರಿ. ಮೂರು ಕಲ್ಲು ಒಂದರ ಮ್ಯಾಲೊಂದು. ಬರೋವಾಗ ಅದನ್ನ ನೋಡ್ಕೊಂತ ಇಳದು ಬಿಡ್ರಿ. ನಮಗ ತರಬೇತಿಯಾಗ ಹಂಗ ಕಲಿಸ್ಯಾರ. ಮತ್ತ ನಡುನಡುವೆ ಚಪ್ಪಾಳಿ ತಟ್ರಿ. ಕರಡಿ ಇದ್ರ ಸರದು ಹೋಗ್ತಾವ."

ಕರಡಿಯ ಮಾತಿಗಿಂತ ಹಾಲೇಶಪ್ಪನ ನಿದ್ದೆ ಕೆಡಿಸಿದ್ದು ಅಂಜಿನೇಯಲು ಬಂದು ಹೇಳಿದ ಮಾತು. ಆ ಗುಡ್ಡಕ್ಕೆ ಮೂಗನ ಗುಡ್ಡ ಎಂದು ಹೆಸರು ಬಂದದ್ದೇ ಅಲ್ಲಿ ಕೂಗಿದರೆ ಮರುದನಿ ಬರುವುದಿಲ್ಲವೆಂದು. "ಹಂಗಿದ್ದೂ ಅಲ್ಲಿ ಯಾರರ ನಿಮ್ಮನ್ನ ಕರದ್ರ ಓ ಅನಬ್ಯಾಡ್ರಿ ಸಾಹೇಬ್ರ. ನಿಮ್ಮ ಮಂದಿ ದನಿಯಾಗ ಕರಿತೈತಿ ಅದು. ಮನಷ್ಯಾ ಆದ್ರ ಮೂರು ಸಲ ಕರೀತಾನ. ಅದಕ್ಕ ಎರಡ ಸಲ ಕರಿಯಾಕ ಬರ್ತೈತಿ. ಓ ಅಂದ್ರ ಮುಗೀತು."

"ಯಾರು ಹೇಳಿದ್ರಲೇ ನಿನಗ?"

"ಒಬ್ಬ ಪ್ಯಾಸೆಂಜರ್ ಹೇಳಿದ. ಅವನ ಕಾಕಾ ಓ ಅಂದಿದ್ನಂತ."

"ಮತ್ತೇನಾತು?"

"ಸ್ಟಾಪ್ ಬಂತು, ಇಳದು ಹೋದ್ರಿ ಅವ."

ಭಾನುವಾರ ಎಂಟು ಗಂಟೆಗೆ ಹಾಲೇಶಪ್ಪ ತನ್ನ ಫೋನನ್ನು ಗುಡ್ಡದ ಬುಡದ ಹುಣಸೆಮರದ ಕೆಳಗೆ ಕೂತ ಮುನಾವರನ ಕೈಗೆ ಕೊಟ್ಟು ಗುಡ್ಡ ಏರತೊಡಗಿದ. ಮೇಲೆ ಹೇಗೂ ಸಿಗ್ನಲ್ ಇರಲಿಲ್ಲ. ಮೊದಲ ಅರ್ಧ ತಾಸು ಸೀತಾಫಲದ ಗಿಡಗಳ ನಡುವೆ ಆರಾಮಾಗಿ ಹೋಯಿತು. ಆಮೇಲೆ ಬಂಡೆಗಳು ಶುರುವಾದವು. ಒಂದೊಂದೂ ಒಂದು ಬಸ್ಸಿನಷ್ಟು ದೊಡ್ಡದು. ಯಾವುದು ಯಾವುದರ ಮೇಲೆ ಕೂತಿದೆ, ಯಾಕೆ ಇನ್ನೂ ಬಿದ್ದಿಲ್ಲ ಎಂದು ತಿಳಿಯುವಂತಿರಲಿಲ್ಲ. ಹಾಲೇಶಪ್ಪ ಒಂದು ಬಂಡೆಯನ್ನು ಹೊಟ್ಟೆಯ ಮೇಲೆ ತೆವಳಿ ಹತ್ತಿದ, ಇನ್ನೊಂದನ್ನು ಕೂತು ಜಾರಿ ಇಳಿದ. ಪ್ಯಾಂಟಿನ ಹಿಂಭಾಗ ಹತ್ತು ಗಂಟೆಗೇ ಗುಡ್ಡಕ್ಕೆ ಅರ್ಪಣೆಯಾಯಿತು. ಆದರೂ ಪ್ರತಿ ತಿರುವಿಗೂ ಮೂರು ಕಲ್ಲು ಇಡುವುದನ್ನು ಅವನು ಮರೆಯಲಿಲ್ಲ.

ಒಮ್ಮೆ ಧೈರ್ಯ ಮಾಡಿ "ಹೋಯ್!" ಎಂದು ಕೂಗಿ ನೋಡಿದ. ಎದುರಿಗೆ ಅಷ್ಟೆತ್ತರದ ಬಂಡೆಗೋಡೆ ಇದ್ದರೂ ಮರುದನಿ ಬರಲಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದು ಕೇಳದೆ ಹೋದರೆ ಹೇಗಾಗುತ್ತದೆಯೋ ಹಾಗಾಯಿತು ಅವನಿಗೆ. ಒಂದು ಹಕ್ಕಿಯೂ ಅಲ್ಲಿ ಕೂಗುತ್ತಿರಲಿಲ್ಲ. ಹಾಡುಹಗಲು, ನೆತ್ತಿ ಸುಡುವ ಬಿಸಿಲು, ಆದರೆ ಕುತ್ತಿಗೆಯ ಹಿಂದೆ ಮಾತ್ರ ತಣ್ಣಗೆ ಯಾರೋ ಊದಿದಂತೆ. ಅವನು ಮತ್ತೆ ಕೂಗಲಿಲ್ಲ.

ಹನ್ನೆರಡಕ್ಕೆ ನೆತ್ತಿ ಸಿಕ್ಕಿತು. ತಗಡಿನ ಡಬ್ಬಿಯೊಳಗೆ ಪುಸ್ತಕವಿತ್ತು. ಹಾಲೇಶಪ್ಪ ಮದುವೆಯ ದಿನ ಹಾಕಿದ್ದಕ್ಕಿಂತ ಚೆಂದವಾಗಿ ಸಹಿ ಹಾಕಿದ, ಅಲ್ಲಿಯೂ ಮೂರು ಕಲ್ಲು ಇಟ್ಟ. ಕೆಳಗೆ ದಾರದಂತೆ ರಸ್ತೆ ಕಾಣುತ್ತಿತ್ತು, ಅದರ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಬಸ್ಸು. ಇಷ್ಟು ವರ್ಷ ಕೆಳಗಿಂದ ಕಳಿಸಿದ ಬಸ್ಸನ್ನು ಅವನು ಮೊದಲ ಸಲ ಮೇಲಿಂದ ನೋಡಿದ. ಕಣ್ಣಲ್ಲಿ ನೀರು ಬಂತು. ಹಿಮಾಲಯ ಇನ್ನು ಬರೀ ಆರು ತಾಸಿನ ದೂರದಲ್ಲಿದೆ ಎಂದುಕೊಂಡ. ಇಳಿಯಲಿಕ್ಕೆ ಎರಡು ತಾಸು ಸಾಕು, ಆತುರವೇನು? ನೆತ್ತಿಯ ಆಚೆ ಬದಿ ಒಂದು ಬಂಡೆಯ ಸಂದಿಯಲ್ಲಿ ನೆರಳಿತ್ತು. ಐದು ನಿಮಿಷ ಬೆನ್ನು ಚಾಚಿದ.

ಎಚ್ಚರವಾದಾಗ ನೆರಳು ಜಾಗ ಬದಲಿಸಿತ್ತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಗಾಬರಿಯಿಂದ ನೆತ್ತಿಗೆ ಬಂದವನು ಅಲ್ಲಿಯೇ ನಿಂತ.

ಅವನು ಇಟ್ಟಿದ್ದ ಮೂರು ಕಲ್ಲಿನ ಪಕ್ಕದಲ್ಲಿ ಇನ್ನೊಂದು ಗುಡ್ಡೆ ಎದ್ದಿತ್ತು. ಅದರಲ್ಲಿಯೂ ಮೂರೇ ಕಲ್ಲು.

ತಾನೇ ಎರಡು ಸಲ ಇಟ್ಟಿರಬೇಕು ಎಂದು ತನಗೇ ಹೇಳಿಕೊಂಡ. ದಡದಡನೆ ಇಳಿದ. ಮೊದಲ ತಿರುವಿನಲ್ಲಿ ತನ್ನ ಗುರುತು ಸಿಕ್ಕಿತು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು. ಎರಡನೆಯ ತಿರುವಿನಲ್ಲಿ ಒಂದು ಗುಡ್ಡೆಗೆ ನಾಲ್ಕನೆಯ ಕಲ್ಲು ಏರಿತ್ತು. ಮೂರನೆಯ ಕಡೆ ಎಡಕ್ಕೂ ಬಲಕ್ಕೂ ಸಾಲಾಗಿ ಐದು ಗುಡ್ಡೆಗಳಿದ್ದವು. ಯಾವುದು ತನ್ನದು ಎಂದು ಹಾಲೇಶಪ್ಪನಿಗೆ ಗುರುತು ಸಿಗಲಿಲ್ಲ. ಸುತ್ತ ನೋಡಿದ. ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ.

ಬಲಕ್ಕೆ ಹೋದ. ಅಲ್ಲಿ ಬಂಡೆಯ ಮೇಲೆ ಬಂಡೆ, ಅದರ ಮೇಲೆಲ್ಲ ಮೂರು ಮೂರು ಕಲ್ಲು. ಎಡಕ್ಕೆ ಬಂದ. ಅಲ್ಲಿಯೂ ಅದೇ. ಬೆಳಗ್ಗೆ ಬೋಳಾಗಿದ್ದ ಗುಡ್ಡಕ್ಕೆ ಗುಳ್ಳೆ ಎದ್ದಂತೆ ಕಲ್ಲುಗುಡ್ಡೆಗಳು ಎದ್ದಿದ್ದವು, ಇಟ್ಟವರು ಮಾತ್ರ ಒಬ್ಬರೂ ಇಲ್ಲ. ಒಂದರ ನೆತ್ತಿಗೆ ಕುಂಕುಮವಿತ್ತು. ಬೆರಳಿಂದ ಮುಟ್ಟಿದ. ಹಸಿಯಾಗಿತ್ತು. ಹಾಲೇಶಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು, ಆ ಅಂಗಿಯನ್ನೇ ಬಿಚ್ಚಿ ಎಸೆಯಬೇಕೇನೋ ಎಂದು ಯೋಚಿಸಿದ.

ಕರಡಿಯಾದರೂ ಪರವಾಗಿಲ್ಲ, ಅದಕ್ಕೆ ಮೈ ಇರುತ್ತದೆ ಎಂದುಕೊಂಡು ಎರಡು ಸಲ ಚಪ್ಪಾಳೆ ತಟ್ಟಿದ.

ಬಂಡೆಯ ಆಚೆಯಿಂದ ಎರಡು ಚಪ್ಪಾಳೆ ಬಂದವು.

ಮರುದನಿ ಇಲ್ಲದ ಗುಡ್ಡ ಇದು. ಕೇಳಿದ್ದು ಸುಳ್ಳಿರಲಿ ಎಂಬ ಆಸೆಯಿಂದ ಹಾಲೇಶಪ್ಪ ಒಂದೇ ಒಂದು ಚಪ್ಪಾಳೆ ತಟ್ಟಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಮೊದಲಿಗಿಂತ ಹತ್ತಿರದಿಂದ, ನಿಧಾನವಾಗಿ, ಒಂದೇ ಒಂದು ಚಪ್ಪಾಳೆ.

ಅವನು ಹಿಂದೆ ನೋಡದೆ ಓಡಿದ. ಓಡುವಾಗ ಮನೆದೇವರು ಮರುಳಸಿದ್ಧನ ಹೆಸರು ಹೇಳಿದ, ಅರ್ಧಕ್ಕೆ ಅದು ಮರೆತುಹೋಗಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಜಪಿಸಿದ. ಕಾಲು ಜಾರಿ ಒಂದು ಪೊದೆಯಲ್ಲಿ ಬಿದ್ದಾಗ ಆ ದನಿ ಕೇಳಿಸಿತು.

"ರೀ... ಎಲ್ಲದೀರಿ?"

ಶಾಂಭವಿಯ ದನಿ. ಅವನ ಹೆಂಡತಿಯದು, ಅನುಮಾನವೇ ಇಲ್ಲ. ಆದರೆ ಶಾಂಭವಿ ಕೂಡ್ಲಿಗಿಯಲ್ಲಿ ಬಾಡಿಗೆ ಮನೆಯ ಅಟ್ಟ ಬಳಿಯುತ್ತಿದ್ದಾಳೆ. ಬೆಳಗ್ಗೆ ಅವನು ಬರುವಾಗ ತಲೆಗೆ ಬಟ್ಟೆ ಕಟ್ಟಿಕೊಂಡು ಏಣಿಯ ಮೇಲಿದ್ದಳು. ಹಾಲೇಶಪ್ಪ ಬಾಯಿಗೆ ಟವೆಲ್ ತುರುಕಿಕೊಂಡ.

"ರೀ..."

ಎರಡು ಸಲ ಆಯಿತು. ಮೂರನೆಯದಕ್ಕೆ ಅವನು ಕಾದ. ಕಿವಿಯೆಲ್ಲ ಅದೇ ಆಗಿ ಕಾದ. ಮೂರನೆಯ ಸಲ ಕರೆಯಲಿಲ್ಲ.

ಅಂಜಿನೇಯಲು ಹೇಳಿದ್ದೆಲ್ಲ ನಿಜ! ಹಾಲೇಶಪ್ಪ ಪೊದೆಯೊಳಗೆ ಇನ್ನಷ್ಟು ಸರಿದು, ಮುಳ್ಳು ಚುಚ್ಚಿದರೂ ಅಲುಗದೆ ಕೂತ. ತುಸು ಹೊತ್ತಿಗೆ ಬಳೆಗಳ ಸದ್ದು ಕೇಳಿಸಿತು. ನಾಲ್ಕಾರು ಹೆಂಗಸರು ಒಟ್ಟಿಗೆ ನಕ್ಕ ಸದ್ದು ಬಂಡೆಗಳ ಒಳಗಿಂದಲೇ ಬಂದಂತಾಯಿತು. ಅದು ಹತ್ತಿರ ಬಂತು, ಅವನ ತಲೆಯ ಮೇಲೆಯೇ ಹಾದುಹೋದಂತಾಯಿತು, ಆಮೇಲೆ ಕೆಳಗೆಲ್ಲೋ ಕರಗಿತು. ಅದರ ಹಿಂದೆ ಹೋಗಿದ್ದರೆ ಅರ್ಧ ತಾಸಿನಲ್ಲೇ ಹುಣಸೆಮರ ಸಿಗುತ್ತಿತ್ತು. ಹಾಲೇಶಪ್ಪ ಬುದ್ಧಿವಂತ, ಅವನು ಆ ಸದ್ದಿಗೆ ಬೆನ್ನು ಮಾಡಿ, ಗುಡ್ಡದ ಇನ್ನೊಂದು ಬದಿಗೆ ಹೋದ.

ಆಮೇಲಿನ ಎರಡು ತಾಸು ಅವನು ಎಲ್ಲೆಲ್ಲಿ ಅಲೆದನೋ ಅವನಿಗೇ ಗೊತ್ತಿಲ್ಲ. ನೆರಳುಗಳು ಉದ್ದವಾದವು. ಬಂಡೆಗಳು ಕೆಂಪಾದವು. ಎತ್ತ ತಿರುಗಿದರೂ ಕಲ್ಲುಗುಡ್ಡೆಗಳು ಅವನನ್ನೇ ನೋಡುತ್ತ ಕೂತಿದ್ದವು. ಹೆದರಿಕೆಗಿಂತ ಈಗ ಸಂಕಟ ಹೆಚ್ಚಾಯಿತು. ಹೊತ್ತು ಇಳಿಯುತ್ತಿದೆ. ಸೀಟು ಹೋಗುತ್ತಿದೆ. ಜನ್ಮದಲ್ಲಿ ಒಮ್ಮೆ ಬೇಡಿದ್ದು, ಅದೂ ಕೈತಪ್ಪುತ್ತಿದೆ. ನಲವತ್ತೊಂಬತ್ತರ ಗಂಡಸು ಒಂದು ಬಂಡೆಗೆ ಹಣೆ ಹಚ್ಚಿ ಅತ್ತುಬಿಟ್ಟ.

ಅತ್ತು ತಲೆಯೆತ್ತಿದಾಗ ಎದುರಿಗೆ ಬೆಳ್ಳನೆಯ ಕೂದಲು ಬಿಚ್ಚಿಕೊಂಡ ಒಂದು ಆಕೃತಿ ನೆಲಕ್ಕೆ ಬಾಗಿ ಕಲ್ಲಿನ ಮೇಲೆ ಕಲ್ಲು ಇಡುತ್ತಿತ್ತು.

ಹಾಲೇಶಪ್ಪ ಚೀರಿದ. ಅವನು ಚೀರಿದ್ದು ಕೇಳಿ ಆ ಆಕೃತಿ ಅವನಿಗಿಂತ ಜೋರಾಗಿ ಚೀರಿತು. ಅದರ ಮಡಿಲಿನಿಂದ ಸೀತಾಫಲ ಉರುಳಿದವು. ದೆವ್ವ ಸೀತಾಫಲ ಕೀಳುವುದಿಲ್ಲ ಎಂಬಷ್ಟು ಬುದ್ಧಿ ಅವನಿಗೆ ಆಗಲೂ ಉಳಿದಿತ್ತು.

"ಯಪ್ಪಾ, ನನ್ನ ಜೀವ ಹಾರಿ ಹೋಗಿತ್ತಲ್ಲೋ!" ಎಂದಿತು ಮುದುಕಿ, ಕೂದಲನ್ನು ಗಂಟು ಹಾಕಿಕೊಳ್ಳುತ್ತ. ಗುಡ್ಡದ ಬುಡದ ಹಳ್ಳಿಯ ನಾಗಲಿಂಗಮ್ಮ. "ಯಾರಪ್ಪ ನೀನು? ಅಂಗಿ ಪ್ಯಾಂಟು ಹರಕೊಂಡು ಹಿಂಗ್ಯಾಕ ಅದಿ? ನೀನೂ ಮನಿ ಇಡಾಕ ಬಂದೀಯೇನು? ನಿಂದು ಎಷ್ಟು ಅಂಕಣದ್ದು?"

"ಯಾವ ಮನಿ ಅಜ್ಜಿ?"

"ಇದ ನೋಡು." ಅವಳು ಕಲ್ಲುಗುಡ್ಡೆ ತೋರಿಸಿದಳು. "ಕಲ್ಲಿನ ಮ್ಯಾಲೆ ಕಲ್ಲಿಟ್ಟು ಬೇಡ್ಕೊಂಡ್ರ ಸ್ವಾಮಿ ಮನಿ ಕಟ್ಟಸ್ತಾನ. ಇಷ್ಟು ದಿನ ಈ ಗುಡ್ಡದಾಗ ಯಾರೂ ಇಟ್ಟಿದ್ದಿಲ್ಲ. ಮಧ್ಯಾಹ್ನ ನಾವು ಹಣ್ಣು ಕೀಳಾಕ ಬಂದಾಗ ಪ್ಯಾಟಿ ಹೆಣಮಗಳೊಬ್ಬಾಕಿ ಇಡಾಕತ್ತಿದ್ಲು. ಯಾಕವಾ ಅಂದ್ರ, ಯಾರೋ ಪುಣ್ಯಾತ್ಮರು ದಾರಿ ಉದ್ದಕ್ಕೂ ಮನಿ ಇಟ್ಕೊಂತ ಹೋಗ್ಯಾರ, ಇಲ್ಲಿ ಸತ್ಯ ಇರಬೇಕು ಅಂದ್ಲು. ಊರಿಗೆ ಸುದ್ದಿ ಹೋತು. ಎಲ್ಲಾರೂ ಬಂದು ಇಟ್ಟು ಹೋದ್ರು. ನನ್ನ ಸೊಸಿ ಮ್ಯಾಲೊಂದು ಮಹಡಿನೂ ಹಾಕ್ಯಾಳ."

ಹಾಲೇಶಪ್ಪನಿಗೆ ನಗಬೇಕೋ ಮತ್ತೆ ಅಳಬೇಕೋ ತಿಳಿಯಲಿಲ್ಲ. ದೇವರ ಗುಡ್ಡಗಳಲ್ಲಿ ಮನೆಗಾಗಿ ಜನ ಕಲ್ಲು ಜೋಡಿಸುವುದನ್ನು ಅವನು ಹುಟ್ಟಿದಾಗಿನಿಂದ ನೋಡಿದವನು. ಮುನಾವರನ ಪಾಠದ ಭರದಲ್ಲಿ ಅದು ತಲೆಗೇ ಹೊಳೆದಿರಲಿಲ್ಲ. "ಅಜ್ಜಿ, ಹೊತ್ತು ಮುಣುಗೋದ್ರೊಳಗ ನನ್ನ ಕೆಳಗ ಮುಟ್ಟಿಸು. ನಿನ್ನ ಕಾಲಿಗೆ ಬೀಳ್ತೀನಿ."

"ಹೊತ್ತು ಆಗಲೇ ಮುಣುಗೈತಲ್ಲಪ್ಪ," ಎಂದಳು ನಾಗಲಿಂಗಮ್ಮ. ನಿಜ. ಬಂಡೆಗಳ ಕೆಂಪು ಆರಿಹೋಗಿತ್ತು.

ಅವಳು ಮುಂದೆ, ಅವನು ಹಿಂದೆ. ಹುಣಸೆಮರದ ಕೆಳಗೆ ಮುನಾವರ ಕೂತಿದ್ದ. ಅವನ ಪಕ್ಕದಲ್ಲಿ ಸೀತಾಫಲ ತಿನ್ನುತ್ತ ಶಾಂಭವಿ ಕೂತಿದ್ದಳು. ಹಾಲೇಶಪ್ಪ ಎರಡು ಹೆಜ್ಜೆ ಹಿಂದೆ ಸರಿದು ಮೊದಲು ಅವಳ ಕಾಲು ನೋಡಿದ. ಪಾದ ಮುಂದಕ್ಕೇ ಇದ್ದವು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು ಅವಳು. "ಬುತ್ತಿ ಮನಿಯಾಗ ಬಿಟ್ಟು ಬಂದಿದ್ರಿ. ಉಪವಾಸ ಸಾಯ್ತೀರಿ ಅಂತ ರೊಟ್ಟಿ ತಗೊಂಡು ನೆತ್ತಿ ತನಕ ಹೋಗಿ ಬಂದೆ. ನಿಮ್ಮ ಸುಳಿವ ಇಲ್ಲ. ಬರೋ ದಾರ್ಯಾಗ ಕರದೆ, ಓ ಅನ್ನಲಿಲ್ಲ."

"ಮೂರನೇ ಸಲ ಯಾಕ ಕರೀಲಿಲ್ಲ ನೀನು?"

"ಎರಡಕ್ಕ ಉಸರು ಮುಗೀತ್ರಿ. ಗುಡ್ಡ ಅದು, ಪಡಸಾಲಿ ಅಲ್ಲ."

"ಆ ಚಪ್ಪಾಳಿ ತಟ್ಟಿದ್ದೂ ನೀನ?"

"ಚಪ್ಪಾಳಿ? ಒಂದು ಕೈಯಾಗ ಬುತ್ತಿ, ಒಂದು ಕೈಯಾಗ ನೀರಿನ ಕ್ಯಾನು. ಹೆಂಗ ತಟ್ಟಲಿ?"

ಹಾಲೇಶಪ್ಪ ನಾಗಲಿಂಗಮ್ಮನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವರ ಊರಲ್ಲಿ ಯಾರೂ ಆ ಗುಡ್ಡದಲ್ಲಿ ಚಪ್ಪಾಳೆ ತಟ್ಟುವುದಿಲ್ಲವಂತೆ, ಯಾಕೆಂದು ಮಾತ್ರ ಹೇಳಲಿಲ್ಲ. ನಾಲ್ವರೂ ಮರದ ಕೆಳಗಿಂದ ರಸ್ತೆಯ ಬದಿಗೆ ಬಂದು ನಿಂತರು.

"ಮುನಾವರ," ಎಂದ ಹಾಲೇಶಪ್ಪ ಕೊನೆಗೆ, "ಕಾಲು ತಾಸು ತಡ ಆತು ಅಷ್ಟ. ನಾ ಸಹಿ ಹಾಕೀನಿ. ಹೆಂಗೂ ಸೀಟು ಖಾಲಿ ಉಳೀತೈತಿ. ನನ್ನ ಹೆಸರು ಬರಿಯೋ ತಮ್ಮ. ಕೈ ಮುಗಿತೀನಿ."

ಮುನಾವರ ನೆಲ ನೋಡಿದ. "ಖಾಲಿ ಎಲ್ಲೈತಣ್ಣ?"

"ಯಾರು ತಗೊಂಡ್ರು?"

ಮುನಾವರ ಪುಸ್ತಕ ತೆರೆದು ತೋರಿಸಿದ. ನೆತ್ತಿಯ ಮೇಲೆ ಡಬ್ಬಿಯಲ್ಲಿರಬೇಕಾದ ಪುಸ್ತಕ. ಹಾಲೇಶಪ್ಪನ ಚೆಂದದ ಸಹಿಯ ಕೆಳಗೆ ದುಂಡು ಅಕ್ಷರದಲ್ಲಿ ಬರೆದಿತ್ತು: 'ಇವರು ಇಲ್ಲಿ ಇಲ್ಲ. ಶಾಂಭವಿ.'

"ಯಾರೋ ಮರತು ಬಿಟ್ಟು ಹೋಗ್ಯಾರ ಅಂತ ಅಕ್ಕಾರು ಪುಸ್ತಕನೂ ತಂದುಬಿಟ್ರು," ಎಂದ ಮುನಾವರ. "ಹೊತ್ತು ಇನ್ನೂ ಎರಡಾಳೆತ್ತರ ಇತ್ತು. ಇವರಂತೂ ಬರಂಗಿಲ್ಲ, ನೀನಾರ ತಿನ್ನಪ್ಪ ಅಂತ ಬುತ್ತಿ ನನ್ನ ಕೈಯಾಗ ಇಟ್ರು. ಕೈ ಮುಟ್ಟಿದಂಗಾತಲ್ಲ. ರೂಲು ರೂಲು ಅಣ್ಣ. ಹೆಸರು ಕಳಿಸೇಬಿಟ್ಟೆ."

"ಕಲ್ಲು ಎಲ್ಲಾ ಕಡೆ ಇದ್ವು. ಈಕಿ ದಾರಿ ತಪ್ಪಲಿಲ್ಲೇನು?"

"ನಾ ಕಲ್ಲು ಇಟ್ಟಿದ್ದು ಮನಿ ಬೇಡಾಕ, ದಾರಿಗೆ ಅದನ್ನ ಯಾಕ ನೋಡ್ಲಿ?" ಎಂದಳು ಶಾಂಭವಿ. "ಆಡಿನ ಹಿಕ್ಕಿ ನೋಡ್ಕೊಂತ ಇಳದೆ. ಆಡು ದಾರಿ ತಪ್ಪಂಗಿಲ್ಲ."

ಹಾಲೇಶಪ್ಪ ಹೆಂಡತಿಯ ಮುಖ ನೋಡಿದ. ಇವಳು ಈಗ ನಕ್ಕು, ನನಗ್ಯಾಕ ಹಿಮಾಲಯ, ಹೆಸರು ತೆಗೀರಿ ಎನ್ನುತ್ತಾಳೆ ಎಂದು ಕಾದ. ಅವಳು ಸೀತಾಫಲದ ಬೀಜ ಉಗಿದು, ಸೆರಗಿಂದ ಬಾಯಿ ಒರೆಸಿಕೊಂಡಳು.

"ಹೋಗ್ತೀಯೇನು?" ಎಂದು ಅವನೇ ಕೇಳಿದ. ದನಿ ತೀರ ಸಣ್ಣದಾಗಿ ಬಂತು.

"ನೀವು ಎಲ್ಲೂ ಹೋಗದಿದ್ರೂ ಮೈಕಿನಾಗ ಊರಿನ ಹೆಸರನ್ನಾರ ಕೂಗ್ತಿದ್ರಿ," ಎಂದಳು ಶಾಂಭವಿ. "ನಾ ಅದನ್ನೂ ಕೂಗಿಲ್ಲಲ್ರಿ."

ಹಾಲೇಶಪ್ಪ ಹರಿದ ಪ್ಯಾಂಟಿನ ಹಿಂಭಾಗವನ್ನು ಟವೆಲ್ಲಿನಿಂದ ಮುಚ್ಚಿಕೊಂಡು ಬಸ್ಸಿಗೆ ಕಾಯುತ್ತ ನಿಂತ. ಶಾಂಭವಿ ಮುನಾವರನ ಹತ್ತಿರ ಸರಿದು, ಅಲ್ಲಿ ಚಳಿ ಎಷ್ಟಿರುತ್ತದೆ, ಸೀರೆಯ ಮೇಲೆ ಬೂಟು ಹಾಕಬಹುದೇ, ಹದಿನೈದು ದಿನ ಇವರಿಗೆ ಯಾರು ರೊಟ್ಟಿ ಬಡಿದು ಹಾಕಬೇಕು ಎಂದು ಒಂದೊಂದಾಗಿ ವಿಚಾರಿಸತೊಡಗಿದಳು.